ಬಟನ್ ಸ್ಟಾರ್ಟೋ ಚಾವಿಯೋ: ಪಂಚೆ ಉಡುವವನ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಚಾವಿಗೆ. ಆದರೆ ನನ್ನ ಹತ್ತಿರ ಇರುವುದು ಬಟನ್ ಸ್ಟಾರ್ಟ್ ಕಾರು. ಭಾವನದೂ ಅದೇ ಮಾಡೆಲ್, ಒಂದು ಮೆಟ್ಟಿಲು ಕೆಳಗಿನ ವೇರಿಯಂಟ್, ಚಾವಿ ತಿರುಗಿಸುವಂಥದ್ದು. ನಾನು 70,000 ರೂಪಾಯಿ ಜಾಸ್ತಿ ಕೊಟ್ಟೆ. ಶಿರಸಿ ಪೇಟೆಗೆ ಹೋಗುವಾಗ ಯಾವುದು ಖಾಲಿ ಇದೆಯೋ ಅದನ್ನು ಒಯ್ಯುತ್ತೇವೆ. ಹಾಗಾಗಿ ಎರಡೂ ಕೈಗೆ ಚೆನ್ನಾಗಿ ಗೊತ್ತು.

ಬಟನ್ನಿನ ಸುಖ ಸುಳ್ಳಲ್ಲ. ನಮ್ಮ ಮಳೆಗೆ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೀಲ. ರಿಮೋಟ್ ಚೀಲದಲ್ಲೇ ಇದ್ದರೂ ಹಿಡಿಕೆಯ ಗುಂಡಿ ಒತ್ತಿದರೆ ಬಾಗಿಲು ತೆರೆಯುತ್ತದೆ. ಕ್ಲಚ್ ತುಳಿದು ಬಟನ್ ಒತ್ತಿದರೆ ಮುಗೀತು.

ತೊಂದರೆ ಎಂದರೆ ನಾನು ಪಂಚೆಯ ಮನುಷ್ಯ. ತೋಟಕ್ಕೆ ಹೋಗುವವನಿಗೆ ಜೇಬೆಲ್ಲಿ? ಮನೆಗೆ ಬಂದ ಕೂಡಲೇ ರಿಮೋಟನ್ನು ಜಗುಲಿಯ ಮೊಳೆಗೆ ನೇತುಹಾಕುತ್ತಿದ್ದೆ. ಹಳೆ ಕಾರಿನ ಕಾಲದಿಂದಲೂ ಅದೇ ಮೊಳೆ.

ಕಳೆದ ಆಷಾಢದಲ್ಲಿ ಕಾಗದಪತ್ರದ ಕೆಲಸಕ್ಕೆ ಕಾರವಾರಕ್ಕೆ ಹೋಗಿದ್ದೆವು. ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ. ಕೆಲಸ ಮುಗಿಸಿ ಟಾಗೋರ್ ಬೀಚಿನ ಹತ್ತಿರ ಚಾ ಕುಡಿದು ಬಂದರೆ ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಸಮುದ್ರದ ಕಡೆಯಿಂದ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ರಿಮೋಟಿನ ಹೊಟ್ಟೆಯಲ್ಲಿ ಒಂದು ಲೋಹದ ಚಾವಿ ಅಡಗಿರುತ್ತದೆ, ಅದನ್ನು ಎಳೆದು ಬಾಗಿಲು ತೆಗೆದೆ. ಅಲಾರಂ ಬೊಬ್ಬೆ ಹೊಡೆಯಿತು. ಒಳಗೆ ಕೂತು ಬಟನ್ ಒತ್ತಿದರೆ, ಕೀ ಇಲ್ಲ ಎಂದು ಪರದೆಯಲ್ಲಿ ಬಂತು.

“ಕೀ ನಿನ್ನ ಕೈಯಲ್ಲೇ ಇದ್ದಲೋ!” ಎಂದ ಭಾವ. ಕಾರಿಗೆ ಅದು ಗೊತ್ತಾಗಬೇಕಲ್ಲ.

ಸಹಾಯವಾಣಿಗೆ ಫೋನ್ ಮಾಡಿದರೆ ಗಾಡಿ ಎತ್ತಿಸಿಕೊಂಡು ಹೋಗುವ ಮಾತು. ಅಷ್ಟರಲ್ಲಿ ಪಕ್ಕದ ಟ್ಯಾಕ್ಸಿಯ ಹುಡುಗ ಕಿಟಕಿ ತಟ್ಟಿ, “ರಿಮೋಟನ್ನೇ ಬಟನ್ನಿಗೆ ತಾಗಿಸಿ ಹಿಡೀರಿ” ಎಂದ. ಹಿಡಿದೆ, ಒತ್ತಿದೆ, ಸ್ಟಾರ್ಟ್! ಬಟನ್ನಿನ ಸುತ್ತ ಇರುವ ತಂತಿಸುರುಳಿಯಿಂದ ರಿಮೋಟಿನೊಳಗಿನ ಚಿಪ್ಪಿಗೆ ಬೇಕಾದಷ್ಟು ಕರೆಂಟು ಸಿಗುತ್ತದಂತೆ. ರಿಮೋಟಿನ ಸೆಲ್ ಸತ್ತಿತ್ತು, ಆದರೆ ಹಾಗೆ ತಾಗಿಸಿ ಹಿಡಿದಾಗ ಸೆಲ್ಲಿನ ಹಂಗಿಲ್ಲ. ಭಾವನ ಚಾವಿಯ ತಲೆಯಲ್ಲೂ ಅಂಥದೇ ಚಿಪ್ ಇದೆ, ಅದು ಹುಟ್ಟಿದಾಗಿನಿಂದ ಸೆಲ್ ಕೇಳಿದ್ದೇ ಇಲ್ಲ.

ಶಿರಸಿಯಲ್ಲಿ ಹೊಸ ಸೆಲ್ ಹಾಕಿಸಿದೆ. ಸಿಆರ್ 2032. ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ವಾಚು ರಿಪೇರಿಯವರ ಹತ್ತಿರವೂ ಸಿಗುತ್ತದೆ. ನಾಲ್ಕೇ ತಿಂಗಳಿಗೆ ಅದೂ ಸತ್ತಿತು. ಈ ಸಲ ಮೆಕ್ಯಾನಿಕ್ ಕೇಳಿದ್ದು ಒಂದೇ ಪ್ರಶ್ನೆ: “ಇದನ್ನು ಮನೇಲಿ ಎಲ್ಲಿಡ್ತೀರಿ?”

ಜಗುಲಿಯ ಮೊಳೆಯ ಆಚೆ ಬದಿಗೇ ಕಾರು ನಿಲ್ಲುವುದು, ಒಂದು ಮಾರು ದೂರವೂ ಇಲ್ಲ. ರಿಮೋಟ್ ಅಷ್ಟು ಹತ್ತಿರ ಇದ್ದರೆ ಕಾರು ಕೂಗುತ್ತಲೇ ಇರುತ್ತದೆ, ಅದು ಓಗೊಡುತ್ತಲೇ ಇರುತ್ತದೆ. ನಾವು ಮಲಗಿದ ಮೇಲೂ ಇವರಿಬ್ಬರ ಪಟ್ಟಾಂಗ! ಸೆಲ್ ಬಾಳುವುದು ಹೇಗೆ?

ಅಪ್ಪಯ್ಯ ಹಾಡು ಕೇಳಲು ಕ್ಲಚ್ ತುಳಿಯದೆ ಬಟನ್ ಒತ್ತಿ, ಹಾಗೇ ಬಿಟ್ಟು ಕಾರಿನ ಬ್ಯಾಟರಿಯನ್ನೂ ಒಮ್ಮೆ ಮಲಗಿಸಿದ್ದಾರೆ. ಅದು ಬೇರೆ ಕಥೆ.

ಪ್ಯಾಂಟು ಹಾಕಿ, ರಿಮೋಟ್ ಜೇಬಿಗಿಳಿಸಿ ದಿನಾ ಆಫೀಸಿಗೆ ಹೋಗುವವರಾದರೆ ಬಟನ್ನೇ ತಗೊಳ್ಳಿ, ಹಿತವಾಗಿದೆ. ಒಂದೇ ಗಾಡಿಯನ್ನು ನಾಲ್ಕು ಜನ ಓಡಿಸುವ ನಮ್ಮಂಥ ಮನೆಗೆ ಚಾವಿ ಸಾಕು. ಆ 70,000ದಲ್ಲಿ ನಾಲ್ಕು ಒಳ್ಳೆ ಟಯರು ಬಂದು, ಮೇಲೆ ದುಡ್ಡೂ ಉಳಿಯುತ್ತಿತ್ತು.

ಈಗ ರಿಮೋಟ್ ಇರುವುದು ಅಡುಗೆಮನೆಯ ಗೂಡಿನಲ್ಲಿ, ಹುಣಸೆ ಭರಣಿಯ ಪಕ್ಕ. ಪರ್ಸಿನಲ್ಲಿ ಒಂದು ಸೆಲ್ ಎಕ್ಸ್ಟ್ರಾ. ಜಗುಲಿಯ ಮೊಳೆ ಖಾಲಿ. ಭಾವ ಬಂದಾಗಲೆಲ್ಲ ತನ್ನ ಚಾವಿಯನ್ನು ಅದಕ್ಕೇ ನೇತುಹಾಕುತ್ತಾನೆ, ನನ್ನ ಮುಖ ನೋಡಿಕೊಂಡೇ.