ಪಠ್ಯಕ್ಕೆ ಇರುವ ಅನುಮಾನ ಸ್ವರಕ್ಕೇಕಿಲ್ಲ? ಒಂದು ಆನ್‌ಲೈನ್ ಕೋರ್ಸಿನ ವಿಮರ್ಶೆ

ಪ್ರಾಚೀನ ಗ್ರೀಕ್ ರುದ್ರನಾಟಕಗಳ ಪಠ್ಯ ಮತ್ತು ಸಂಗೀತವನ್ನು ಕುರಿತ ಆರು ಪಾಠಗಳ ಆನ್‌ಲೈನ್ ಕೋರ್ಸೊಂದಕ್ಕೆ ಶುಲ್ಕ ಕಟ್ಟಿ, ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ಪೇಟಿಯನ್ನು (ಹಾರ್ಮೋನಿಯಂ) ಪಕ್ಕದಲ್ಲಿಟ್ಟುಕೊಂಡು ಪೂರ್ತಿ ಕೇಳಿದೆ. ಮೊದಲ ನಾಲ್ಕು ಪಾಠಗಳಿಗೆ ಕೊಟ್ಟ ಹಣ ಸಾರ್ಥಕವಾಯಿತು. ಕೊನೆಯ ಎರಡರ ಬಗ್ಗೆ ನನಗೆ ತಕರಾರಿದೆ.

ಪಠ್ಯದ ಭಾಗವನ್ನು ಬಹಳ ಚೆನ್ನಾಗಿ ಕಟ್ಟಿದ್ದಾರೆ. ಕ್ರಿ.ಪೂ. 330ರ ಸುಮಾರಿಗೆ ಅಥೆನ್ಸಿನ ಮುತ್ಸದ್ದಿ ಲೈಕರ್ಗಸ್ ಈಸ್ಕಿಲಸ್, ಸೋಫೋಕ್ಲೀಸ್, ಯೂರಿಪಿಡೀಸರ ನಾಟಕಗಳ ಅಧಿಕೃತ ಪ್ರತಿ ಮಾಡಿಸಿ, ನಟರು ಅದನ್ನು ಬಿಟ್ಟು ಆಡಕೂಡದೆಂದು ಕಾನೂನು ತಂದನು. ಆ ಪ್ರತಿಗಳನ್ನು ಈಜಿಪ್ಟಿನ ದೊರೆ ಟಾಲೆಮಿಯು 15 ಟ್ಯಾಲೆಂಟ್ ಬೆಳ್ಳಿ ಠೇವಣಿಯಿಟ್ಟು ತರಿಸಿಕೊಂಡು, ಠೇವಣಿ ಹೋದರೆ ಹೋಗಲೆಂದು ಮೂಲವನ್ನೇ ಇಟ್ಟುಕೊಂಡು ನಕಲನ್ನು ಹಿಂದಿರುಗಿಸಿದನೆಂಬುದು ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್ ಹೇಳುವ ಕಥೆ. ಯೂರಿಪಿಡೀಸ್ ಸತ್ತ ಮೇಲೆ ರಂಗಕ್ಕೆ ಬಂದ ‘ಆಲಿಸ್‌ನಲ್ಲಿ ಇಫಿಜೀನಿಯಾ’ದ ಈಗಿರುವ ಕೊನೆಯ ಭಾಗ ಅವನದಲ್ಲವೆಂದು ವಿದ್ವಾಂಸರು ಏಕೆ ಶಂಕಿಸುತ್ತಾರೆಂಬುದನ್ನು ಸಾಲುಸಾಲಾಗಿ ಬಿಡಿಸಿ ತೋರಿಸಿದ್ದಾರೆ. ನಮ್ಮ ಕಡೆಯವರಿಗೆ ಇದು ಹೊಸ ಮಾತೇನಲ್ಲ: ಅಪರಾಳ ತಮ್ಮಣ್ಣ ಬರೆದ ‘ಶ್ರೀಕೃಷ್ಣ ಪಾರಿಜಾತ’ ಬಯಲಾಟವನ್ನು ಕುಲಗೋಡ ತಮ್ಮಣ್ಣ ತಿದ್ದಿ ಬೆಳೆಸಿದ; ಆಮೇಲೆ ಪ್ರತಿ ಮೇಳವೂ ತನ್ನ ಮಾತು ಸೇರಿಸಿತು.

ಐದನೆಯ ಪಾಠ ವಿಯೆನ್ನಾದಲ್ಲಿರುವ ಪಪೈರಸ್ (ಜೊಂಡಿನಿಂದ ಮಾಡಿದ ಪ್ರಾಚೀನ ಕಾಗದ) ತುಣುಕೊಂದರದು. ತಾಯಿಯನ್ನು ಕೊಂದ ಮಗನ ಕಥೆಯಾದ, ಕ್ರಿ.ಪೂ. 408ರಲ್ಲಿ ಆಡಿದ ಯೂರಿಪಿಡೀಸನ ‘ಒರೆಸ್ಟಿಸ್’ ನಾಟಕದ 338ರಿಂದ 344ರವರೆಗಿನ ಸಾಲುಗಳ ಚೂರುಗಳು ಅದರಲ್ಲಿದ್ದು, ಅಕ್ಷರಗಳ ಮೇಲೆ ಸ್ವರಚಿಹ್ನೆಗಳಿವೆ. ನಾಟಕದ ಮಧ್ಯಯುಗದ ಹಸ್ತಪ್ರತಿಗಳಲ್ಲಿ ತಾಯಿಯ ರಕ್ತದ ಮಾತು ಮೊದಲು ಬಂದು ‘ಶೋಕಿಸುತ್ತೇನೆ’ ಎಂಬುದು ಆಮೇಲೆ ಬರುತ್ತದೆ. ಪಪೈರಸ್‌ನಲ್ಲಿ ಅಳು ಮೊದಲು, ರಕ್ತ ಆಮೇಲೆ. ಪರದೆಯ ಮೇಲೆ ಎರಡೂ ಪಠ್ಯರೂಪಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದ ಆ ಹತ್ತು ನಿಮಿಷಗಳನ್ನು ನಾನು ಮೂರು ಸಲ ನೋಡಿದೆ.

ತಕರಾರು ಇಲ್ಲಿಂದಲೇ ಶುರು. ಇಷ್ಟೆಲ್ಲ ಎಚ್ಚರ ಕಲಿಸಿದವರು ಮರುಕ್ಷಣವೇ ಅವಳಿ ಕೊಳವೆಯ ಆಲೋಸ್ ವಾದ್ಯದೊಡನೆ ಇದೇ ಸಾಲುಗಳ ಮೇಳಗೀತವನ್ನು ತಡೆಯಿಲ್ಲದೆ ಹಾಡಿಸಿ, ‘ಯೂರಿಪಿಡೀಸನ ಸಂಗೀತ’ ಎಂದು ಹೆಸರಿಟ್ಟಿದ್ದಾರೆ. ಪಪೈರಸ್‌ನ ಪ್ರತಿ ಸಾಲಿನಲ್ಲೂ ಹರಿದುಹೋದ ಜಾಗವಿದೆ. ಅಲ್ಲಿ ಕೇಳಿದ ಸ್ವರ ಯಾರದು? ಇರುವ ಚಿಹ್ನೆಗಳನ್ನಾದರೂ ಪೇಟಿಯಲ್ಲಿ ಸಿಗುವ ಅರ್ಧಸ್ವರದ ಅಂತರವೆಂದೂ, ಪೇಟಿಯಲ್ಲಿ ಸಿಗದ ಅದರರ್ಧದ ಅಂತರವೆಂದೂ ಎರಡು ರೀತಿಯಲ್ಲಿ ಓದಬಹುದು. ಅವರು ಒಂದನ್ನು ಆರಿಸಿಕೊಂಡಿದ್ದಾರೆ, ಆದರೆ ಆರಿಸಿಕೊಂಡೆವೆಂದು ಹೇಳಿಲ್ಲ. ಈ ತುಣುಕು ನಾಟಕವಾಡಿದ ನೂರು ವರ್ಷಗಳಿಗೂ ಈಚಿನದಾದ್ದರಿಂದ, ಉಳಿದ ಸ್ವರವೇ ಕವಿಯದೋ, ಮುಂದಿನ ಗಾಯಕನದೋ ಎಂಬ ಪ್ರಶ್ನೆಯನ್ನಂತೂ ಯಾರೂ ಎತ್ತಲೇ ಇಲ್ಲ. ಪಾರಿಜಾತದ ಕೈಬರಹದಲ್ಲಿ ಪದ ಒಂದೇ ಇದ್ದರೂ ಮಟ್ಟು ಮೇಳದಿಂದ ಮೇಳಕ್ಕೆ ಬೇರೆಯಾಗುವುದನ್ನು ಕೇಳಿದವನಿಗೆ ಇದು ಸಣ್ಣ ಪ್ರಶ್ನೆಯಲ್ಲ.

ಇದೇ ನಾಟಕದ ಬೇರೊಂದು ಹಾಡಿನಲ್ಲಿ ಮಟ್ಟು ಪದಗಳ ಸಹಜ ಏರಿಳಿತವನ್ನು ಅನುಸರಿಸುವುದಿಲ್ಲವೆಂದು ಕ್ರಿ.ಪೂ. ಮೊದಲ ಶತಮಾನದ ಗ್ರೀಕ್ ವಿಮರ್ಶಕ, ಹಲಿಕಾರ್ನಾಸಸ್‌ನ ಡಯೊನಿಸಿಯಸ್ ಬರೆದಿದ್ದಾನೆ. ಆ ಸಾಕ್ಷ್ಯಕ್ಕೆ ಆರನೆಯ ಪಾಠದಲ್ಲಿ ಸಿಕ್ಕಿರುವುದು ಅರ್ಧ ನಿಮಿಷ.

ಧ್ವನಿಮುದ್ರಣ ಸ್ಪಷ್ಟವಾಗಿದೆ, ಟಿಪ್ಪಣಿಗಳ ಪಿಡಿಎಫ್ ಕೂಡ ಉಪಯುಕ್ತ. ಪಪೈರಸ್‌ನಲ್ಲಿರುವ ಸ್ವರಗಳನ್ನಷ್ಟೇ ಬೇರೆ ಬಣ್ಣದಲ್ಲಿ ಗುರುತಿಸಿದ ಪುಟವೊಂದನ್ನು ಕೊಡಬಹುದೇ ಎಂದು ಇಮೇಲ್ ಬರೆದು ಕೇಳಿದೆ. ಮುಂದಿನ ಕೋರ್ಸಿನ ರಿಯಾಯಿತಿ ಕೂಪನ್ ಬಂತು.