ಸ್ಮಾರ್ಟ್‌ಫೋನ್ ಬದಲಿಗೆ ಏನು? ಮುಂಬಯಿಯಲ್ಲಿ ಬಳಸಿ ನೋಡಿದ ಮೂರು ಏರ್ಪಾಡುಗಳು

ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ನಿತ್ಯ ಲೋಕಲ್ ಹಿಡಿಯುವ, ಬಂಧುಬಳಗವೆಲ್ಲ ಕುಂದಾಪುರದ ಕಡೆಯಿರುವ ನಾನು ಸ್ಮಾರ್ಟ್‌ಫೋನಿಗೆ ಬದಲಾಗಿ ಮೂರು ಏರ್ಪಾಡುಗಳನ್ನು ಒಂದಾದ ಮೇಲೊಂದರಂತೆ ಬಳಸಿದೆ. ಮೊದಲನೆಯದು ಬರೀ 2ಜಿ ಕೀಪ್ಯಾಡ್ ಫೋನ್. ಎರಡನೆಯದು ಕೈಓಎಸ್ (ಕೀಪ್ಯಾಡ್ ಫೋನುಗಳಲ್ಲಿ ಕೆಲವು ಆ್ಯಪ್‌ಗಳನ್ನು ನಡೆಸುವ ತಂತ್ರಾಂಶ) ಇರುವ, ಅರ್ಧ ಸ್ಮಾರ್ಟ್ ಎನ್ನಬಹುದಾದ 4ಜಿ ಫೋನ್. ಮೂರನೆಯದು ಜೇಬಿನಲ್ಲಿ ಸಾದಾ 4ಜಿ ಕೀಪ್ಯಾಡ್, ಮನೆಯ ಕಪಾಟಿನಲ್ಲಿ ಹಳೆಯ ಸ್ಮಾರ್ಟ್‌ಫೋನ್.

2ಜಿ ಫೋನ್ ಕೊಳ್ಳುವವರು ಮೊದಲು ತಮ್ಮ ಸಿಮ್ ಯಾವುದೆಂದು ನೋಡಿಕೊಳ್ಳಬೇಕು. ಜಿಯೋಗೆ 2ಜಿ ಜಾಲವೇ ಇಲ್ಲದ ಕಾರಣ ಅದರ ಸಿಮ್ ಇಂಥ ಫೋನಿನಲ್ಲಿ ಕೆಲಸ ಮಾಡುವುದಿಲ್ಲ. ಮಾತಿಗೆ, ಬ್ಯಾಂಕಿನ ಒಟಿಪಿಗೆ, ಗ್ಯಾಸ್ ಸಿಲಿಂಡರ್ ಬುಕ್ ಮಾಡುವುದಕ್ಕೆ ಈ ಫೋನ್ ಧಾರಾಳವಾಗಿ ಸಾಕು. ಕನ್ನಡದಲ್ಲಿ ಬರೆಯುವವರಿಗೆ ಮಾತ್ರ ಕೈ ಕಟ್ಟಿದಂತಾಗುತ್ತದೆ: ಇಂಗ್ಲಿಷ್ ಎಸ್ಸೆಮ್ಮೆಸ್ಸಿಗೆ 160 ಅಕ್ಷರಗಳ ಅವಕಾಶವಿದ್ದರೆ ಕನ್ನಡಕ್ಕೆ 70 ಮಾತ್ರ, ಅದರಲ್ಲೂ ಒತ್ತಕ್ಷರ, ಗುಣಿತದ ಚಿಹ್ನೆಗಳೆಲ್ಲ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ.

ನಿಜವಾದ ಪರೀಕ್ಷೆ ನಡೆದದ್ದು ಸ್ಟೇಷನ್ ಹೊರಗಿನ ವಡಾಪಾವ್ ಗಾಡಿಯ ಮುಂದೆ. ಇಂಟರ್ನೆಟ್ ಇಲ್ಲದ ಫೋನುಗಳಿಂದ ಹಣ ಕಟ್ಟುವುದಕ್ಕೆಂದು *99# ಸೇವೆಯಿದೆ. 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಇದೇ ಕೆಲಸಕ್ಕೆ ಯುಪಿಐ 123ಪೇ ಎಂಬುದನ್ನೂ ಜಾರಿಗೆ ತಂದಿತು. ಎರಡೂ ಒಳ್ಳೆಯವೇ. ಆದರೆ *99#ನಲ್ಲಿ ಕ್ಯುಆರ್ ಸ್ಕ್ಯಾನ್ ಇಲ್ಲದ್ದರಿಂದ ಗಾಡಿಯವನ ಮೊಬೈಲ್ ನಂಬರ್ ಕೇಳಿ, ಒತ್ತಿ, ಮೊತ್ತ ಒತ್ತಿ, ಪಿನ್ ಒತ್ತಬೇಕು. ಅಷ್ಟರಲ್ಲಿ ಬೆನ್ನ ಹಿಂದಿನ ಸಾಲು ಗೊಣಗತೊಡಗಿರುತ್ತದೆ. ಹಣ ಗಾಡಿಯ ಕ್ಯುಆರ್ ಮೂಲಕವಲ್ಲದೆ ನೇರವಾಗಿ ಆತನ ಸ್ವಂತ ಖಾತೆಗೆ ಹೋದದ್ದರಿಂದ ಗಾಡಿಯ ಮೇಲಿನ ಸೌಂಡ್‌ಬಾಕ್ಸ್ ತುಟಿ ಬಿಚ್ಚಲಿಲ್ಲ. ಆತ ನನ್ನ ಮುಖವನ್ನೇ ನೋಡುತ್ತ ನಿಂತ. ಅಂದಿನಿಂದ ಜೇಬಿನಲ್ಲಿ ಹತ್ತು, ಇಪ್ಪತ್ತರ ನೋಟುಗಳು ಕಾಯಂ ಆದವು.

ಎರಡನೆಯ ಬಗೆಯ ಫೋನಿಗೆ 2017ರಲ್ಲಿ ಜಿಯೋಫೋನ್ ಬಂದಾಗ ದೊಡ್ಡ ಹೆಸರು ಸಿಕ್ಕಿತು. ಮರುವರ್ಷ ಅದರಲ್ಲಿ ವಾಟ್ಸ್‌ಆ್ಯಪ್ ಕೂಡ ಬಂದಿತು. ಈಗ ಆ ಆಕರ್ಷಣೆ ಉಳಿದಿಲ್ಲ, ಏಕೆಂದರೆ 2024ರ ಜೂನ್‌ನಿಂದ ಕೈಓಎಸ್ ಫೋನುಗಳಿಗೆ ವಾಟ್ಸ್‌ಆ್ಯಪನ್ನು ಹೊಸದಾಗಿ ಇಳಿಸಿಕೊಳ್ಳುವುದೇ ನಿಂತಿತು. ಅದು ಇದ್ದಾಗಲೂ ನನಗೆ ಹಿತವೆನಿಸಿರಲಿಲ್ಲ: ಸೊಸೈಟಿಯ ಗುಂಪಿನಲ್ಲಿ ನೀರಿನ ಟ್ಯಾಂಕರಿನ ಚರ್ಚೆ ಬೆಳೆದಂತೆ ಫೋನ್ ತೆವಳುತ್ತಿತ್ತು, ಗಮನ ಕದಿಯುವುದು ಮಾತ್ರ ಕಡಿಮೆಯಾಗಿರಲಿಲ್ಲ. ಸ್ಮಾರ್ಟ್‌ಫೋನಿನ ಕಾಟವನ್ನು ಉಳಿಸಿಕೊಂಡು ಸೌಕರ್ಯವನ್ನಷ್ಟೇ ಕಳೆದುಕೊಂಡ ಎಡಬಿಡಂಗಿ ಸಾಧನವಿದು ಎಂಬುದು ನನ್ನ ಅಭಿಪ್ರಾಯ.

ಮೂರನೆಯ ಏರ್ಪಾಡಿಗೇ ನಾನು ನಿಂತಿದ್ದೇನೆ. ನನ್ನ 4ಜಿ ಕೀಪ್ಯಾಡ್ ಫೋನಿನಲ್ಲಿ ಜಿಯೋ ಸಿಮ್ ಕೂಡ ನಡೆಯುತ್ತದೆ, ಅಮ್ಮನ ದನಿಯೂ 2ಜಿಗಿಂತ ಸ್ಪಷ್ಟವಾಗಿ ಕೇಳುತ್ತದೆ. ಈಚಿನ ಕೆಲವು ಮಾದರಿಗಳಲ್ಲಿ ಕ್ಯುಆರ್ ಸ್ಕ್ಯಾನ್ ಮಾಡಿ ಯುಪಿಐ ಹಣ ಕಟ್ಟುವ ಅನುಕೂಲವೂ ಇದ್ದು, ಕೊಳ್ಳುವಾಗ ಅದೊಂದನ್ನು ಕೇಳಿ ತಿಳಿಯುವುದು ಮೇಲು. ವಾಟ್ಸ್‌ಆ್ಯಪನ್ನು ರಾತ್ರಿ ಲ್ಯಾಪ್‌ಟಾಪಿನಲ್ಲಿ ನೋಡುತ್ತೇನೆ. ಮೂಲ ಫೋನನ್ನು 14 ದಿನಕ್ಕಿಂತ ಹೆಚ್ಚು ಕಾಲ ಬಳಸದಿದ್ದರೆ ಲ್ಯಾಪ್‌ಟಾಪಿನ ಸಂಪರ್ಕ ತಾನಾಗಿ ಕಡಿದುಹೋಗುವುದರಿಂದ, ಭಾನುವಾರ ಕಪಾಟಿನ ಫೋನನ್ನು ವೈಫೈಗೆ ಸೇರಿಸಿ ಒಮ್ಮೆ ತೆರೆಯುವ ರೂಢಿಯಿಟ್ಟುಕೊಂಡಿದ್ದೇನೆ.

ಪ್ರಯಾಣದ ವಿಷಯದಲ್ಲಿ ಮೂರಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಲೋಕಲ್ಲಿಗೆ ಕೌಂಟರಿನಲ್ಲಿ ಮಾಡಿಸಿದ ತ್ರೈಮಾಸಿಕ ಪಾಸ್ ಇದೆ. ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕಿನ ವಿವರ ಪತ್ರಿಕೆಯಲ್ಲಿ ಸಿಗುತ್ತದೆ. ಊರಿಗೆ ಹೊರಡುವಾಗ ಮತ್ಸ್ಯಗಂಧ ರೈಲಿನ ಟಿಕೆಟನ್ನು ಲ್ಯಾಪ್‌ಟಾಪಿನಲ್ಲಿ ಮಾಡಿದರೆ ಎಸ್ಸೆಮ್ಮೆಸ್ ಬರುತ್ತದೆ, ಗುರುತಿನ ಚೀಟಿಯೊಡನೆ ಟಿಟಿಇಗೆ ಅದನ್ನೇ ತೋರಿಸಬಹುದು. ಹೊತ್ತಲ್ಲದ ಹೊತ್ತಿನಲ್ಲಿ ಕುರ್ಲಾ ಟರ್ಮಿನಸ್ಸಿನಿಂದ ಟ್ಯಾಕ್ಸಿ ಕರೆಸಬೇಕಾದ ಸಂದರ್ಭ ಮಾತ್ರ ಬೇರೆ. ಅಂಥ ಪ್ರಯಾಣಕ್ಕೆ ಹಳೆಯ ಫೋನನ್ನೂ ಚೀಲದಲ್ಲಿ ಇಟ್ಟುಕೊಂಡೇ ಹೊರಡುತ್ತೇನೆ.