ಕುಲ್ಲು ಕಣಿವೆಗೆ ಹುಬ್ಬಳ್ಳಿಯಿಂದ ಪ್ಯಾಕೇಜ್ ಪ್ರವಾಸ: ನಗ್ಗರ್ ಪಾಲಿಗೆ ಅರ್ಧ ತಾಸು

ಮೇ ತಿಂಗಳಿನಲ್ಲಿ ಹುಬ್ಬಳ್ಳಿಯ ಪ್ರವಾಸ ಸಂಸ್ಥೆಯೊಂದರ ಮೂಲಕ ಹಿಮಾಚಲ ಪ್ರದೇಶದ ಕುಲ್ಲು ಕಣಿವೆಯನ್ನು ನೋಡಿಬಂದೆವು. ಊಟ, ವಸತಿ, ವಾಹನ ಇವುಗಳಲ್ಲಿ ಹೆಸರಿಡುವಂಥದ್ದೇನೂ ಇರಲಿಲ್ಲ. ಆದರೆ ಕರಪತ್ರದ ಮೇಲೆ ‘ದೇವಾಲಯ, ಕಲೆ, ಸಾಹಸ’ ಎಂದು ದಪ್ಪಕ್ಷರಗಳಲ್ಲಿ ಅಚ್ಚು ಹಾಕಿಸಿದ ಈ ಸಂಸ್ಥೆ, ಕಲೆಯ ಪಾಲನ್ನು ಹಂಚುವಾಗ ಮಾತ್ರ ತೀರ ಕೈ ಬಿಗಿ ಹಿಡಿದಿದೆ.

ದೆಹಲಿಯವರೆಗೆ ರೈಲು, ಅಲ್ಲಿಂದ ರಾತ್ರಿ ಬಸ್ಸು. ಜೊತೆಗೆ ಬಂದ ಗದಗ ಕಡೆಯ ಅಡುಗೆಯವರು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಝುಣಕಗಳಿಗೆ ಕೊರತೆ ಮಾಡಲಿಲ್ಲವಾದ್ದರಿಂದ ತಂಡದ ಹಿರಿಯರು ನೆಮ್ಮದಿಯಾಗಿದ್ದರು.

ಮನಾಲಿಯ ಹಡಿಂಬಾ ದೇವಾಲಯಕ್ಕೆ ಬೇಕಾದಷ್ಟು ಸಮಯ ಸಿಕ್ಕಿತು. 1553ರಲ್ಲಿ ಕುಲ್ಲುವಿನ ಅರಸ ಬಹಾದುರ್ ಸಿಂಗ್ ಕಟ್ಟಿಸಿದ ಈ ಗುಡಿ ದೇವದಾರು ಮರಗಳ ಕಾಡಿನ ನಡುವೆ ನಾಲ್ಕು ಹಂತಗಳ ಇಳಿಜಾರು ಮಾಡು ಹೊತ್ತು ನಿಂತಿದೆ. ಮಹಾಭಾರತದ ಹಿಡಿಂಬೆಯೇ ಇಲ್ಲಿಯ ದೇವಿ. ಲಕ್ಕುಂಡಿಯ ಬಸದಿಯನ್ನೋ ಗದಗಿನ ತ್ರಿಕೂಟೇಶ್ವರವನ್ನೋ ನೋಡುತ್ತ ಬೆಳೆದವರಿಗೆ ಗುಡಿಯೆಂದರೆ ಕಲ್ಲಿನ ಕೆಲಸವೆಂದೇ ರೂಢಿಯಾಗಿರುತ್ತದೆ. ಇಲ್ಲಿ ಅದೇ ಕಸುಬುಗಾರಿಕೆ ಮರದ ಬಾಗಿಲುವಾಡದ ಮೇಲೆ ಹರಿದಾಡಿರುವುದನ್ನು ಕಂಡಾಗ, ಸರದಿಯಲ್ಲಿ ನಿಂತ ಬೇಸರ ಮರೆತುಹೋಗುತ್ತದೆ.

ತಕರಾರು ಇರುವುದು ನಗ್ಗರ್ ಬಗ್ಗೆ. ಒಂದು ಕಾಲಕ್ಕೆ ಕುಲ್ಲು ಅರಸರ ರಾಜಧಾನಿಯಾಗಿದ್ದ ಈ ಊರಿನಲ್ಲಿ ವ್ಯವಸ್ಥಾಪಕರು ಬಸ್ಸಿನಿಂದ ಇಳಿಸುತ್ತಲೇ, “ಅರ್ಧಾ ತಾಸು ಸಾಕ್ರೀ, ಹಳೇ ಮನಿ ಒಂದು ಐತಿ, ಫೋಟೋ ತಗೊಂಡು ಬರ್ರಿ” ಎಂದರು. ಆ ‘ಹಳೇ ಮನಿ’ಯೇ ನಗ್ಗರ್ ಕೋಟೆ. ಕಲ್ಲು ಮತ್ತು ದೇವದಾರು ತೊಲೆಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಪದರವಾಗಿ ಹೊಂದಿಸುವ ‘ಕಾಠ್‌ಕುಣಿ’ ಪದ್ಧತಿಯ ಕಟ್ಟಡವಿದು. ಭೂಮಿ ನಡುಗಿದಾಗ ಗೋಡೆ ಬಿರಿಯದೆ ತುಸು ಅಲುಗಿ ಮತ್ತೆ ಕುಳಿತುಕೊಳ್ಳುತ್ತದೆ. 1905ರ ಕಾಂಗ್ಡಾ ಭೂಕಂಪವನ್ನು ಅದು ತಾಳಿಕೊಂಡದ್ದು ಹಾಗೆ. ಈಗ ರಾಜ್ಯದ ಪ್ರವಾಸೋದ್ಯಮ ನಿಗಮ ಅದರಲ್ಲಿ ಹೋಟೆಲ್ ನಡೆಸುತ್ತಿದೆ.

ಕೋಟೆಯಿಂದ ಇನ್ನಷ್ಟು ಮೇಲೇರಿದರೆ ರಷ್ಯಾದ ಚಿತ್ರಕಾರ ನಿಕೊಲಾಯ್ ರೋರಿಕ್ ಅವರ ಮನೆಯಿದೆ. 1928ರಲ್ಲಿ ಇಲ್ಲಿಗೆ ಬಂದು ನೆಲೆಸಿ, ‘ಉರುಸ್ವತಿ’ ಎಂಬ ಹಿಮಾಲಯ ಸಂಶೋಧನಾ ಸಂಸ್ಥೆಯನ್ನು ಕಟ್ಟಿ, 1947ರಲ್ಲಿ ಇಲ್ಲಿಯೇ ತೀರಿಕೊಂಡವರು ಅವರು. ಯುದ್ಧಕಾಲದಲ್ಲಿಯೂ ಕಲೆ ಮತ್ತು ವಿದ್ಯೆಯ ತಾಣಗಳನ್ನು ಕಾಪಾಡಬೇಕೆಂಬ 1935ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಅವರದೇ ಹೆಸರಿದೆ. ಗ್ಯಾಲರಿಯಲ್ಲಿ ನೀಲಿ, ನೇರಳೆ ಬಣ್ಣದ ಪರ್ವತಗಳನ್ನು ನೋಡಿ ಹೊರಬಂದರೆ ಅವೇ ಪರ್ವತಗಳು ಎದುರಿಗಿರುತ್ತವೆ. ಚಿತ್ರ ಹೆಚ್ಚೋ ಎದುರಿಗಿರುವುದು ಹೆಚ್ಚೋ ಎಂದು ಕುಳಿತು ತೂಗಿ ನೋಡಲು ಅರ್ಧ ದಿನವಾದರೂ ಬೇಕು. ಅವರ ಮಗ, ಚಿತ್ರಕಾರ ಸ್ವೆಟೊಸ್ಲಾವ್ ರೋರಿಕ್, ನಟಿ ದೇವಿಕಾ ರಾಣಿಯವರನ್ನು ಮದುವೆಯಾಗಿ ಮುಂದೆ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಬಾಳಿದವರು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ತಂದೆ–ಮಗ ಇಬ್ಬರ ಚಿತ್ರಗಳೂ ಇವೆ. ಕನ್ನಡಿಗರ ತಂಡವನ್ನು ಕರೆದೊಯ್ಯುವ ಮಾರ್ಗದರ್ಶಿಗೆ ಇದಕ್ಕಿಂತ ಒಳ್ಳೆಯ ಕಥೆ ಸಿಗಲಾರದು. ನಮ್ಮ ಮಾರ್ಗದರ್ಶಿ ಅದರ ಬದಲಿಗೆ ಯಾವ ಸಿನಿಮಾದ ಹಾಡು ಎಲ್ಲಿ ಚಿತ್ರೀಕರಣವಾಯಿತೆಂಬುದನ್ನು ವಿವರಿಸಿದರು.

ಇಲ್ಲಿ ಉಳಿಸಿದ ಹೊತ್ತು ಹೋದದ್ದು ಮನಾಲಿ ಹತ್ತಿರದ ಸೋಲಾಂಗ್ ಕಣಿವೆಗೆ. ಪ್ಯಾರಾಗ್ಲೈಡಿಂಗ್ ಮಾಡಿದ ಹುಡುಗರು ಸಂತೋಷಪಟ್ಟರು, ಹಾರಿಸಿದ ಪೈಲಟ್‌ಗಳು ಪಟ್ಟಿ ಬಿಗಿಯುವುದರಲ್ಲಿ ಅವಸರ ಮಾಡಲಿಲ್ಲ. ಬಿಯಾಸ್ ನದಿಯ ರಾಫ್ಟಿಂಗ್ ಕೂಡ ಅಚ್ಚುಕಟ್ಟಾಗಿತ್ತು. ಆದರೆ ‘ಸಾಹಸ ಕ್ರೀಡೆಗಳು ಸೇರಿವೆ’ ಎಂದರೆ ಆ ಜಾಗದವರೆಗೆ ಬಸ್ಸು ಹೋಗುತ್ತದೆ ಎಂದಷ್ಟೇ ಅರ್ಥವೆಂಬುದು, ಶುಲ್ಕವನ್ನು ನಾವೇ ಕೈಯಿಂದ ಕೊಡಬೇಕಾಗಿ ಬಂದಾಗ ತಿಳಿಯಿತು. ಮುಂಗಡ ಕೊಡುವ ಮೊದಲು ಇದನ್ನು ಬರಹದಲ್ಲಿ ಪಡೆಯುವುದು ಒಳ್ಳೆಯದು. 2020ರಲ್ಲಿ ಆರಂಭವಾದ, 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗವನ್ನು ದಾಟಿಸಿ ತಂದದ್ದಕ್ಕೆ ಮಾತ್ರ ಬೇರೆ ಹಣ ಕೇಳಲಿಲ್ಲ.

ಇದೇ ಸಂಸ್ಥೆ ದಸರಾ ರಜೆಗೂ ಒಂದು ತಂಡವನ್ನು ಒಯ್ಯುತ್ತದೆ. ಬೇರೆಡೆ ದಸರಾ ಮುಗಿಯುವ ವಿಜಯದಶಮಿಯಂದೇ ಕುಲ್ಲುವಿನಲ್ಲಿ ಅದು ಆರಂಭವಾಗಿ ಏಳು ದಿನ ನಡೆಯುತ್ತದೆ. ರಘುನಾಥನ ರಥದ ಸುತ್ತ ಢಾಲ್ಪುರ ಮೈದಾನಕ್ಕೆ ಕಣಿವೆಯ ಇನ್ನೂರಕ್ಕೂ ಹೆಚ್ಚು ಗ್ರಾಮದೇವತೆಗಳು ಪಲ್ಲಕ್ಕಿಗಳಲ್ಲಿ ಬಂದು ಸೇರುತ್ತವೆ. ಸಂಸ್ಥೆಯ ವೇಳಾಪಟ್ಟಿಯ ಪ್ರಕಾರ ತಂಡ ಕಣಿವೆಯನ್ನು ಬಿಟ್ಟು ಹೊರಡುವುದು ವಿಜಯದಶಮಿಯ ಬೆಳಿಗ್ಗೆ. ದಿನಾಂಕಗಳನ್ನು ಮುಂದೂಡಿರೆಂದು ಕಚೇರಿಗೆ ಪತ್ರ ಬರೆದಿದ್ದೇನೆ. ಆ ತಂಡದಲ್ಲಿ ಹೆಸರು ಬರೆಸುವವರು ತಾವೂ ಒತ್ತಾಯಿಸಿ ಕೇಳಿದರೆ ಬದಲಾದೀತು.